ಜೋಡಿ ಬೆಲೆ

ಉಡಿ ತುಂಬುವಾಗ ಕೊಡುವ ಖಣ ನನಗೆ ಎಂದೂ ಸಾಲಲಿಲ್ಲ. ಖಣ ಎಂದರೆ ಒಂದು ಕುಪ್ಪಸಕ್ಕೆ ಬೇಕಾಗುವಷ್ಟೇ ಬಟ್ಟೆ. ಹೆಣ್ಣಿನ ಮೈ ಇಷ್ಟೇ ಇರಬೇಕು ಎಂದು ನೇಯುವವರು ಯಾವ ಕಾಲದಲ್ಲೋ ತೀರ್ಮಾನಿಸಿಬಿಟ್ಟಿದ್ದಾರೆ. ಹದಿನಾರು ತುಂಬುವ ಹೊತ್ತಿಗೆ ನನಗೆ ಎರಡು ಬೇಕಾಗುತ್ತಿತ್ತು. ಒಂದೇ ಬಣ್ಣದ ಎರಡು ಖಣವನ್ನು ಯಾರೂ ಉಡಿಗೆ ಹಾಕುವುದಿಲ್ಲ. ಹಾಗಾಗಿ ನನ್ನ ಕುಪ್ಪಸಗಳ ಮುಂಭಾಗ ಒಂದು ಬಣ್ಣ, ಕಂಕುಳ ಪಟ್ಟಿ ಇನ್ನೊಂದು ಬಣ್ಣ. ನಾನೇ ಹೊಲಿಗೆಯವಳಾದ್ದರಿಂದ ಜೋಡಣೆ ಕಾಣದ ಹಾಗೆ ಹೊಲಿದುಕೊಳ್ಳುತ್ತಿದ್ದೆ. ಅಷ್ಟರಮಟ್ಟಿಗೆ ದೇವರು ಕಣ್ಣು ಬಿಟ್ಟಿದ್ದ.

ಎರಡು ಖಣ ಬೇಕಾದದ್ದು ನನ್ನ ಮೊಲೆಗಳಿಗಾಗಿ. ಈ ಮಾತನ್ನು ಹೀಗೆ ಬರೆಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ಕೂಸಿಗೆ ಹಾಲು ಕುಡಿಸುವಾಗ ನಮ್ಮೂರಲ್ಲಿ ಎಲ್ಲರೂ ಎಲ್ಲರೆದುರು ಅನ್ನುವ ಮಾತೇ ಅದು. ನೋವು ಬಂತೆಂದರೆ ಮಾತ್ರ ಅದಕ್ಕೆ ಹೆಸರಿಲ್ಲ. ಬೆನ್ನು ಎನ್ನಬೇಕು, ಹೆಗಲು ಎನ್ನಬೇಕು, ತೀರಾ ಒತ್ತಾಯ ಮಾಡಿದರೆ ‘ಹೆಣ್ಣಮಕ್ಕಳ ತ್ರಾಸು’ ಎನ್ನಬೇಕು. ಇನ್ನೊಂದು ಕಾರಣವೂ ಇತ್ತು. ನನ್ನ ಸೋದರಮಾವ ಬದುಕಿರುವವರೆಗೆ ಇದನ್ನು ಬರೆಯುವ ಹಾಗಿರಲಿಲ್ಲ. ಈಗ ಅವನಿಲ್ಲ.

ನಮ್ಮದು ಆಳಂದ ತಾಲೂಕಿನ ಸರಸಂಬಾ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನನ್ನನ್ನು ಬೆಳೆಸಿದಳು, ಕಸುಬನ್ನೂ ಕಲಿಸಿದಳು. ಯಂತ್ರದ ಮೇಲೆ ಬಾಗಿ ಕೂತರೆ ಅರ್ಧ ತಾಸಿಗೆ ಕುತ್ತಿಗೆ ಹಿಡಿಯುತ್ತಿತ್ತು. ಒಳಕುಪ್ಪಸದ ಪಟ್ಟಿ ಎರಡೂ ಹೆಗಲಲ್ಲಿ ಬೆರಳು ಕೂರುವಷ್ಟು ಆಳದ ಗೆರೆ ಕೊರೆದಿತ್ತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಚೈತ್ರ ಬಂತೆಂದರೆ ಮೊಲೆಗಳ ಕೆಳಗೆ ಚರ್ಮ ಬೆಂದು ನೀರು ಸೋರುತ್ತಿತ್ತು. ಅವ್ವ ಅಪ್ಪನ ಹಳೆಯ ಧೋತರ ಹರಿದು ಪಟ್ಟಿ ಮಾಡಿ ಒಳಗಿಡುತ್ತಿದ್ದಳು. ಸತ್ತ ಅಪ್ಪ ನನಗೆ ಮಾಡಿದ ಉಪಕಾರ ಅದೊಂದೇ.

ಇಪ್ಪತ್ತೊಂದರಲ್ಲಿ ಮಣ್ಣೂರಿನಿಂದ ಕನ್ಯೆ ನೋಡಲು ಬಂದರು. ನಾನು ಅವಲಕ್ಕಿಯ ತಾಟು ಹಿಡಿದು ಬಗ್ಗಿದೆ. ವರನ ದೊಡ್ಡಮ್ಮ ತಾಟು ನೋಡದೆ ನನ್ನನ್ನೇ ನೋಡಿದಳು. ಪಕ್ಕದವಳಿಗೆ ಹೇಳಿದಳು, ಮೆಲ್ಲಗಲ್ಲ: “ಹುಡುಗಿ ಚಂದ ಅದಾಳ ಖರೇ. ಆದ್ರ ಎರಡ ಹಡದಾಕಿ ಕಂಡಂಗ ಕಾಣ್ತಾಳ.”

ಅವ್ವ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಅವರು ಹೋಗುವವರೆಗೂ ನಗುತ್ತಲೇ ಇದ್ದಳು. ಆಮೇಲೆ ಅಳಲೂ ಇಲ್ಲ, ಬೈಯಲೂ ಇಲ್ಲ. ಮರುದಿನ ಆಳಂದಕ್ಕೆ ತಮ್ಮನಿಗೆ ಹೇಳಿ ಕಳಿಸಿದಳು.

ಮಾಮಾ ಎತ್ತಿನ ದಲಾಲ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡೆಯ ದನದ ಬಾಜಾರದಲ್ಲಿ ಅವನ ಶಲ್ಯ ಕಾಣದ ವಾರ ಇರಲಿಲ್ಲ. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲಾಲ ತನ್ನ ಶಲ್ಯವನ್ನು ಇಬ್ಬರ ಕೈಮೇಲೆ ಹೊದಿಸುತ್ತಾನೆ. ಒಳಗೆ ಬೆರಳು ಹಿಡಿಯುತ್ತಾರೆ. ನಾಲ್ಕು ಬೆರಳು ಹಿಡಿದರೆ ನಾಲ್ಕು ಸಾವಿರ. ಸುತ್ತ ನಿಂತ ನೂರು ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಎತ್ತನ್ನು ಮಾರುವುದು ಜೋಡಿಯಾಗಿ, ಆದ್ದರಿಂದ ಬೆಲೆಯೂ, ಅವರ ಮಾತಿನಲ್ಲಿ ‘ಭಾವ’, ಯಾವಾಗಲೂ ಜೋಡಿಯದೇ. ಅದನ್ನು ಯಾರೂ ಬಿಡಿಸಿ ಕೇಳುವುದಿಲ್ಲ.

ಆ ವರ್ಷ ಮಾಮಾ ನನ್ನನ್ನೂ ಅವ್ವನನ್ನೂ ಕರೆದುಕೊಂಡು ಅದೇ ಮೂರು ಊರು ಸುತ್ತಿದ. ಆಳಂದದ ಡಾಕ್ಟರಿಗೆ ಅವನು “ಬೆನ್ನ ಬ್ಯಾನಿ ಅದರಿ” ಎಂದ. ಅವರು ಬೆನ್ನಿಗೆ ಗುಳಿಗೆ ಕೊಟ್ಟರು, ಅವರಾದರೂ ಏನು ಮಾಡಿಯಾರು? ಎಂಟು ದಿನಕ್ಕೆ ಹನ್ನೆರಡು ರೂಪಾಯಿ. ಅಫಜಲಪುರದಲ್ಲಿ ಒಬ್ಬ ಮುದುಕಿ ಸೊಪ್ಪು ಅರೆದು ಕಟ್ಟುತ್ತಿದ್ದಳು. ಒಂದು ಸೇರು ತೊಗರಿಬೇಳೆ, ಒಂದು ತೆಂಗಿನಕಾಯಿ. ಬೆಂದ ಚರ್ಮದ ಮೇಲೆ ಆ ಸೊಪ್ಪು ಬಿದ್ದಾಗ ನಾನು ಕೂಗಿದ ಕೂಗಿಗೆ ಹೊರಗೆ ಕೂತ ಮಾಮಾ ಕಿವಿ ಮುಚ್ಚಿಕೊಂಡನಂತೆ.

ಜೇವರ್ಗಿಯ ದವಾಖಾನೆಯಲ್ಲಿ ಲೇಡಿ ಡಾಕ್ಟರು ಇದ್ದರು. ಮಾಮಾ ಬಾಗಿಲಲ್ಲೇ “ಬೆನ್ನರಿ…” ಎಂದು ಶುರು ಮಾಡಿದ. ಅವರು ನನ್ನನ್ನು ಒಮ್ಮೆ ನೋಡಿ, “ನೀವು ಸ್ವಲ್ಪ ಹೊರಗ ಕುಂಡ್ರಿ” ಎಂದು ಅವನನ್ನು ಕಳಿಸಿ ಬಾಗಿಲು ಹಾಕಿದರು. ಹೆಗಲ ಗೆರೆ ಮುಟ್ಟಿ ನೋಡಿದರು. ಅವ್ವ ತಲೆ ತಗ್ಗಿಸಿ, “ನಮ್ಮ ಹುಡುಗಿ ಅಂಥಾಕಿ ಅಲ್ರಿ ಡಾಕ್ಟರಬಾಯಿ” ಎಂದಳು. ಇಂಥದ್ದಾದರೆ ಹುಡುಗಿಯೇ ಏನೋ ಮಾಡಿಕೊಂಡಿದ್ದಾಳೆ ಎಂಬ ಮಾತು ನಮ್ಮ ಓಣಿಯಲ್ಲಿ ಇತ್ತು.

“ಎಂಥಾಕೀನೂ ಅಲ್ಲ, ರೋಗಿ ಅದಾಳ,” ಎಂದರು ಡಾಕ್ಟರು. ನನ್ನ ಕಡೆ ತಿರುಗಿ, “ಇದು ಬ್ಯಾನಿ ತಂಗಿ. ನಿನ್ನ ತಪ್ಪೇನೂ ಇಲ್ಲ. ಭಾರ ಕಡಿಮಿ ಮಾಡೋ ಆಪರೇಷನ್ ಅದ. ಸೊಲ್ಲಾಪುರದಾಗ ಒಬ್ಬರು ಮಾಡ್ತಾರ, ಚೀಟಿ ಕೊಡ್ತೇನಿ,” ಎಂದರು.

ಇಷ್ಟು ವರ್ಷದಲ್ಲಿ ಅದನ್ನು ಬ್ಯಾನಿ ಎಂದವರು ಅವರೊಬ್ಬರೇ. ನಾನು ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಅವರು ನಮ್ಮಿಂದ ಫೀ ತೆಗೆದುಕೊಳ್ಳಲಿಲ್ಲ. ಚೀಟಿ ಕೈಗೆ ಕೊಡುವಾಗ, “ಖರ್ಚು ಎಷ್ಟು ಬರ್ತದ, ಏನೇನು ಮಾಡ್ತಾರ, ನೀನೇ ಕೇಳು,” ಎಂದರು. ಹೂಂ ಎಂದೆ. ಕೇಳಲಿಲ್ಲ.

ಸೊಲ್ಲಾಪುರದ ಆ ಖಾಸಗಿ ದವಾಖಾನೆಯ ವರಾಂಡದಲ್ಲಿ ಮರದ ಬೆಂಚುಗಳಿದ್ದವು. ಗಂಡಸರು, ಹೆಂಗಸರು, ಎಲ್ಲರೂ ಒತ್ತಿಕೊಂಡು ಕೂತಿದ್ದರು. ಕಂಪೌಂಡರ್ ಅಕ್ಕಲಕೋಟೆ ಕಡೆಯವನು, ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಿದ್ದ. ಮಾಮಾ ಅವನ ಮೇಜಿನ ಹತ್ತಿರ ಹೋಗಿ ನಿಂತ. ಬಾಯಿ ತೆಗೆದ, ಮುಚ್ಚಿದ. ಸೋದರ ಸೊಸೆಯ ಮೊಲೆಗೆ ಎಷ್ಟಾಗುತ್ತದೆ ಎಂದು ಅಷ್ಟು ಜನರೆದುರು ಹೇಗೆ ಕೇಳುತ್ತಾನೆ? ಮೂವತ್ತು ವರ್ಷದ ರೂಢಿ ಕೈಹಿಡಿಯಿತು. ಹೆಗಲ ಶಲ್ಯ ತೆಗೆದು ತನ್ನ ಕೈಮೇಲೆ ಹಾಕಿಕೊಂಡು ಚಾಚಿದ. ಕಂಪೌಂಡರನೂ ರೈತರ ಮನೆಯ ಹುಡುಗ. ನಕ್ಕು ಶಲ್ಯದೊಳಗೆ ಕೈ ಹಾಕಿದ.

ನಾನು ಊಟದ ಗಂಟು ತೊಡೆಯ ಮೇಲಿಟ್ಟುಕೊಂಡು ಬೆಂಚಿನಿಂದ ನೋಡುತ್ತಿದ್ದೆ. ನನ್ನ ಮೈಯ ಮಾತು ಶಲ್ಯದ ಕೆಳಗೆ ನಡೆಯುತ್ತಿತ್ತು. ನನಗೆ ಕಾಣುತ್ತಿದ್ದದ್ದು ಬಟ್ಟೆಯ ಅಲುಗಾಟವಷ್ಟೇ.

ಮಾಮಾ ಬಂದು ಕೂತ. “ನಾಕ ಸಾವಿರ,” ಎಂದು ಅವ್ವನ ಕಿವಿಯಲ್ಲಿ ಹೇಳಿದ. “ತ್ರಾಸ ಮಾಡ್ಕೋಬ್ಯಾಡ ಅಕ್ಕಾ. ಒಂದ ಜೋಡಿ ಎತ್ತಿನ ಭಾವ.”

ಒಳಗೆ ಡಾಕ್ಟರು ಮಾಮಾನಿಗೆ ಎಲ್ಲವನ್ನೂ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಮಾಮಾನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೆ ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಾ, ಒಂದೊಂದು ಮಾತಿಗೂ ಹೌದು ಹೌದು ಎನ್ನುತ್ತಾ, ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ನಾಚಿಕೆಗೆ ಕಿವಿ ಇರುವುದಿಲ್ಲ.

ಹದಿನೈದು ದಿನಕ್ಕೆ ಅವನು ತನ್ನ ಹೊಲದ ಎತ್ತುಗಳನ್ನು ಮಾರಿದ. ಊರೂರಿನ ಎತ್ತು ಮಾರಿಸಿದವನ ಕೊಟ್ಟಿಗೆ ಖಾಲಿಯಾಯಿತು. “ಮತ್ತ ತಂದ್ರಾಯ್ತು,” ಎಂದ.

ಆಪರೇಷನ್ ದಿನ ಡಾಕ್ಟರು ಶಾಯಿಯ ಪೆನ್ನಿನಿಂದ ನನ್ನ ಎಡಗಡೆ ಗೆರೆ ಎಳೆದರು. ಬಲಗಡೆ ಮುಟ್ಟಲಿಲ್ಲ. ನಾನು ಕೇಳಬಹುದಾಗಿತ್ತು. ಆದರೆ ನಾನು ಹೊಲಿಗೆಯವಳು. ನಾವು ಬಟ್ಟೆಯನ್ನು ನಡುವೆ ಮಡಚಿ ಒಂದೇ ಬದಿಗೆ ಗುರುತು ಹಾಕುತ್ತೇವೆ, ಕತ್ತರಿಸಿದರೆ ಎರಡೂ ಬದಿ ಬರುತ್ತವೆ. ಒಂದರ ಅಳತೆಯಿಂದ ಇನ್ನೊಂದನ್ನು ಮಾಡುತ್ತಾರೆ ಎಂದುಕೊಂಡೆ. ಹೀಗೆ ಮಾಮಾ ತನ್ನ ಕಸುಬಿನಿಂದ ಕೆಟ್ಟ, ನಾನು ನನ್ನ ಕಸುಬಿನಿಂದ ಕೆಟ್ಟೆ.

ಮೈಮೇಲಿನದ್ದೆಲ್ಲ ತೆಗೆಯಬೇಕು ಎಂದರು. ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಇಷ್ಟಲಿಂಗ. ಅದು ಮೈಬಿಟ್ಟು ಹೋಗಬಾರದು ಎಂದು ಅವ್ವ ಹಟ ಹಿಡಿದಳು. ವಯಸ್ಸಾದ ಒಬ್ಬ ನರ್ಸ್, ಕ್ರಿಸ್ತರವಳು, ತಾನೇ ಲಿಂಗವನ್ನು ನನ್ನ ಬಲ ಅಂಗೈಯಲ್ಲಿಟ್ಟು ಬಿಳಿ ಪಟ್ಟಿ ಸುತ್ತಿ ಕಟ್ಟಿದಳು. “ಬಿಡಬೇಡ,” ಎಂದಳು. ಮೂಗಿಗೆ ಔಷಧಿ ಹಿಡಿಯುವಾಗ ನನಗೆ ನೆನಪಿರುವುದು ಆ ಬಿಗಿಯಾದ ಮುಷ್ಟಿ ಮಾತ್ರ.

ಮೂರನೇ ದಿನ ಪಟ್ಟಿ ಬಿಚ್ಚಿದಾಗ ನೋಡಿದೆ. ಎಡಗಡೆ ಬೇರೆ ಯಾರದೋ ಮೈ ಇದ್ದ ಹಾಗೆ, ಹೊಲಿಗೆ ಹಾಕಿ, ಊದಿಕೊಂಡು, ಆದರೂ ಸಣ್ಣಗೆ. ಬಲಗಡೆ ನನ್ನದು, ಹಿಂದೆ ಹೇಗಿತ್ತೋ ಹಾಗೇ.

“ಇದಕ್ಕ ಯಾವಾಗ ಮಾಡ್ತಾರ ಅವ್ವಾ?”

“ಡಾಕ್ಟರಿಗಿ ಗೊತ್ತಿರ್ತದ. ಸುಮ್ಮ ಮಲ್ಕೋ.”

ದಿನವೂ ಬೆಳಿಗ್ಗೆ ಡಾಕ್ಟರು ಬರುವ ಹೆಜ್ಜೆ ಸಪ್ಪಳಕ್ಕೆ ಕಾಯುತ್ತಿದ್ದೆ. ಇವತ್ತು ಕರೆಯುತ್ತಾರೆ, ನಾಳೆ ಕರೆಯುತ್ತಾರೆ. ಅವರು ಎಡಗಡೆಯ ಹೊಲಿಗೆ ನೋಡುತ್ತಿದ್ದರು, ನಗುತ್ತಿದ್ದರು, ಹೋಗುತ್ತಿದ್ದರು. ನಾವಿಬ್ಬರೂ ಏಳು ದಿನ ಬಾಯಿ ಬಿಡಲಿಲ್ಲ.

ಹತ್ತನೇ ದಿನ ಕಂಪೌಂಡರ್ ಮನೆಗೆ ಕಳಿಸುವ ಚೀಟಿ ಬರೆಯುತ್ತಾ ಕೇಳಿದ, “ಇನ್ನೊಂದ ಬಾಜೂಕ ಯಾವಾಗ ಬರ್ತೀರಿ ಮಾಮಾ? ನಾಕ ತಿಂಗಳಾದ ಮ್ಯಾಲ ಮಾಡ್ಸಬಹುದು. ಅದಕ್ಕೂ ಅಷ್ಟ, ನಾಕ.”

“ಅದಕ್ಕೂ ಅಂದ್ರ?”

“ಒಂದ ಬಾಜೂಕ ನಾಕ ಸಾವಿರ. ನಾ ಹೇಳಿದ್ನಲ್ರಿ.”

ಮಾಮಾನ ದನಿ ಏರಿತು. ಅವತ್ತು ಶಲ್ಯ ಹೊದಿಸುವುದು ಅವನಿಗೆ ಮರೆತೇಹೋಯಿತು. “ಒಂಟಿ ಭಾವ ಯಾರ ಹೇಳ್ತಾರೋ? ಮೂವತ್ತ ವರ್ಷ ದಲಾಲಿ ಮಾಡೇನಿ, ಭಾವ ಅಂದ್ರ ಜೋಡೀದು!”

“ಇದು ಎತ್ತಿನ ಬಾಜಾರಲ್ಲ ಮಾಮಾ,” ಕಂಪೌಂಡರ್ ಮೆಲ್ಲಗೆ ಹೇಳಿದ. ಅವನ ಮುಖವೂ ಸಣ್ಣದಾಗಿತ್ತು. “ಎರಡೂ ಒಮ್ಮೆ ಮಾಡಿದ್ರ ರಕ್ತ ಭಾಳ ಹೋಗ್ತದ ಅಂತ ಸಾಹೇಬ್ರು ಹೇಳಿದ್ರಲ್ಲ. ನೀವ ಹೌದು ಅಂದ್ರಿ.”

ವರಾಂಡದ ಬೆಂಚುಗಳೆಲ್ಲ ನಮ್ಮ ಕಡೆಗೇ ತಿರುಗಿದ್ದವು. ಮಾಮಾ ಕುಸಿದು ಕೂತ. ಯಾರ ಮೇಲೆ ಸಿಟ್ಟು ಮಾಡುವುದು? ಡಾಕ್ಟರು ಹೇಳಿದ್ದರು, ಕಂಪೌಂಡರ್ ಸುಳ್ಳಾಡಿರಲಿಲ್ಲ, ಮಾಮಾ ತನ್ನ ಎತ್ತು ಮಾರಿದ್ದ. ಎಲ್ಲರೂ ಸರಿ. ಬಸ್ಸಿನಲ್ಲಿ ನಾನು ಬಲಕ್ಕೆ ವಾಲಿಕೊಂಡು ಊರಿಗೆ ಬಂದೆ.

ಮೊದಲು ಎರಡೂ ಕಡೆ ಎಳೆಯುತ್ತಿತ್ತು. ಈಗ ಒಂದೇ ಕಡೆ. ಒಂದೇ ಕೊಡ ಹೊತ್ತವಳ ಹಾಗೆ ನನ್ನ ಬೆನ್ನು ಬಾಗತೊಡಗಿತು. ತಿಂಗಳೆರಡರಲ್ಲಿ ಸೊಂಟ ಹಿಡಿದು ಯಂತ್ರದ ಮುಂದೆ ಕೂರಲಾಗದೆ ಹೋಯಿತು. ನೋಡುವವರ ಕಣ್ಣಂತೂ ಬಿಡಿ. ಎಡಗಡೆಗೆ ಅರಳೆ ತುಂಬಿ ನೋಡಿದೆ. ಅರಳೆಗೆ ಗಾತ್ರ ಇತ್ತು, ತೂಕ ಇರಲಿಲ್ಲ. ತೆಗೆದದ್ದು ಒಂದೂವರೆ ಕಿಲೋ ಎಂದು ಕಂಪೌಂಡರ್ ಹೇಳಿದ್ದು ನೆನಪಿತ್ತು. ಕೊನೆಗೊಂದು ದಿನ ದಪ್ಪ ಬಟ್ಟೆಯ ಚೀಲ ಹೊಲಿದು, ತಕ್ಕಡಿಯಲ್ಲಿ ಒಂದೂವರೆ ಕಿಲೋ ಬಿಳಿ ಜೋಳ ತೂಗಿ ತುಂಬಿ, ಕುಪ್ಪಸದೊಳಗೆ ಕಟ್ಟಿಕೊಂಡೆ. ನೆಟ್ಟಗೆ ನಿಂತೆ. ನಾಲ್ಕು ಸಾವಿರ ಕೊಟ್ಟು ಇಳಿಸಿದ ಭಾರವನ್ನು ಮತ್ತೆ ನಾನೇ ಹೊತ್ತುಕೊಂಡು ನಿಂತಿದ್ದೆ. ನಗುವೂ ಬಂತು, ಅಳುವೂ ಬಂತು. ಪಡಸಾಲೆಯಲ್ಲಿ ಒಬ್ಬಳೇ ಇದ್ದುದರಿಂದ ಎರಡನ್ನೂ ಮಾಡಿದೆ.

ಅವ್ವ ಇದನ್ನು ಮಾಮಾನಿಗೆ ಹೇಳಿರಬೇಕು. ಮುಂದಿನ ಸುಗ್ಗಿಗೆ ಅವನು ಬಂದು ಕಟ್ಟೆಯ ಮೇಲೆ ಕೂತ. ಶಲ್ಯದ ಗಂಟು ಬಿಚ್ಚಿದ. ಆರಿಸಿದ ಹೊಸ ಜೋಳ. ತೂಗಿ ನೋಡಿದೆ, ಸರಿಯಾಗಿ ಒಂದೂವರೆ ಕಿಲೋ. ಬೆವರಿಗೆ ಹಳೆಯ ಜೋಳಕ್ಕೆ ಹುಳ ಬಿದ್ದಿತ್ತು. ಅವನು ಗೋಡೆಯ ಕಡೆ ನೋಡುತ್ತಾ ಕೂತ. ಪ್ರತಿ ಸುಗ್ಗಿಗೂ ತಂದ. ಎತ್ತಿಲ್ಲದ್ದಕ್ಕೆ ಹೊಲವನ್ನು ಪಾಲಿಗೆ ಹಾಕಿದ್ದ, ತನ್ನ ಪಾಲಿನ ರಾಶಿಯಲ್ಲಿ ಮೊದಲು ತೂಗುತ್ತಿದ್ದದ್ದು ನನ್ನ ಜೋಳವನ್ನು.

ಎರಡನೆಯ ಬದಿಗೆ ದುಡ್ಡು ಕೂಡಿಸಲಿಲ್ಲವೆಂದಲ್ಲ. ನಮ್ಮಲ್ಲಿ ಎರಡು ಸಾವಿರ ಆದಾಗ ಸೊಲ್ಲಾಪುರದಲ್ಲಿ ಐದು ಎಂದರು. ಮೂರೂವರೆ ಆದಾಗ ಏಳು ಎಂದರು. ಅಷ್ಟರಲ್ಲಿ ಅವ್ವನ ಗರ್ಭಕೋಶ ತೆಗೆಸಬೇಕಾಯಿತು, ಮತ್ತೆ ಸೊನ್ನೆಯಿಂದ ಶುರು. ಮಾಮಾ ಮುಂಬಯಿಯಿಂದಲೂ ಬೆಲೆ ತರಿಸಿದ, ಅದನ್ನು ಕೇಳಿ ಅವ್ವ ಸುಮ್ಮನೆ ಎದ್ದು ಒಳಗೆ ಹೋದಳು. ನಾವು ಹತ್ತಿರ ಹೋದಷ್ಟೂ ಅದು ದೂರ ಹೋಗುತ್ತಿತ್ತು. ಮದುವೆಯ ಮಾತು ತಾನಾಗಿ ನಿಂತುಹೋಯಿತು. ಹೀಗೆ ಹನ್ನೊಂದು ವರ್ಷ.

ಆಮೇಲೊಂದು ದಿನ ನಮ್ಮ ಓಣಿಯ ಸವಿತಾ ಕುಪ್ಪಸದ ಅಳತೆ ಕೊಡಲು ಬಂದಳು. ಗುಲಬರ್ಗಾದಲ್ಲಿ ನರ್ಸಿಂಗ್ ಕಲಿಯುತ್ತಿದ್ದ ಹುಡುಗಿ. ನಾನು ಟೇಪು ಹಿಡಿದು ಕೈ ಎತ್ತಿದಾಗ ಚೀಲದ ಹೊಲಿಗೆ ಬಿಟ್ಟುಕೊಂಡಿತು. ಜೋಳ ನನ್ನ ಕುಪ್ಪಸದೊಳಗಿಂದ ಪಟಪಟನೆ ನೆಲಕ್ಕೆ ಸುರಿಯಿತು. ನಿಲ್ಲಲೇ ಇಲ್ಲ. ನಾನು ಎರಡೂ ಕೈಯಿಂದ ಎದೆ ಹಿಡಿದುಕೊಂಡು ನಿಂತುಬಿಟ್ಟೆ.

ಸವಿತಾ ನಗಲಿಲ್ಲ. ಕೂತು ಒಂದೊಂದೇ ಕಾಳು ಆರಿಸತೊಡಗಿದಳು. ಮುಖ ಮೇಲೆತ್ತದೆ ಕೇಳಿದಳು, “ಏನಾಗ್ಯಾದ ಅಕ್ಕಾ?”

ಹೇಳಿದೆ. ಜನ್ಮದಲ್ಲಿ ಮೊದಲ ಸಲ, ಆ ಮಾತನ್ನು ಆ ಮಾತಿನಿಂದಲೇ ಕರೆದು, ಎಲ್ಲ ಹೇಳಿದೆ.

“ಹೈದರಾಬಾದಿನ ಸರಕಾರಿ ದವಾಖಾನ್ಯಾಗ ಇದನ್ನ ಪುಕಟ ಮಾಡ್ತಾರ ಅಕ್ಕಾ. ಭಾಳ ವರ್ಷದಿಂದ ಮಾಡ್ತಾರಂತ, ನಮ್ಮ ಮೇಡಮ್ ಹೇಳ್ಯಾರ. ನಿಮಗ ಯಾರೂ ಹೇಳಲಿಲ್ಲೇನು?”

ಯಾರು ಹೇಳಬೇಕು? ಶಲ್ಯದ ಕೆಳಗೆ ಕೇಳಿದ ಬೆಲೆ ಪಕ್ಕದ ಬೆಂಚಿನವರ ಕಿವಿಗೂ ಬೀಳುವುದಿಲ್ಲ. ಬಿದ್ದಿದ್ದರೆ ಸೊಲ್ಲಾಪುರದ ಆ ವರಾಂಡದಲ್ಲಿ ಯಾರಾದರೊಬ್ಬರು, “ಇಷ್ಟ್ಯಾಕ ಕೊಡ್ತೀರಿ, ಅಲ್ಲಿ ಹೋಗ್ರಿ,” ಎನ್ನುತ್ತಿದ್ದರೋ ಏನೋ. ಆ ರಾತ್ರಿ ನನಗೆ ಸಂತೋಷ ಆಗಲಿಲ್ಲ. ಕಳೆದ ಹನ್ನೊಂದು ವರ್ಷವನ್ನು ಒಂದೊಂದಾಗಿ ಎಣಿಸುತ್ತಾ ಬಿದ್ದುಕೊಂಡಿದ್ದೆ.

ಪುಕಟ ಎಂದರೂ ಬೆಲೆ ಇದ್ದೇ ಇತ್ತು. ಚೀಟಿಗೆ ಐದು ರೂಪಾಯಿ. ಆಮೇಲೆ ದಿನಗಳನ್ನು ಕೊಡಬೇಕು. ಎರಡು ಸಲ ಹೋಗಿ ಪಾಳಿ ಸಿಗದೆ ಬಂದೆವು. ಮೂರನೆಯ ಸಲ ಹತ್ತೊಂಬತ್ತು ದಿನ ದವಾಖಾನೆಯ ಉದ್ದನೆಯ ವರಾಂಡದಲ್ಲಿ ಚಾಪೆ ಹಾಸಿ ಮಲಗಿದೆವು. ಊರಲ್ಲಿ ಅವ್ವನ ಕಣ್ಣು ತೋರಿಸಲು ಹೋಗುತ್ತೇವೆ ಎಂದು ಹೇಳಿದ್ದೆವು. ಮಾಮಾನಿಗೂ ಹಾಗೆಯೇ. ನಿಜ ಹೇಳಿದ್ದರೆ ದಾರಿ ಖರ್ಚಿಗೆ ಮನೆಯ ಬಾಗಿಲನ್ನೂ ಮಾರುವ ಮನುಷ್ಯ ಅವನು. ಈ ಸಲ ಡಾಕ್ಟರು ಏನು ಹೇಳಿದರೂ ನಾನು ಎರಡೆರಡು ಬಾರಿ ಕೇಳಿದೆ. ಅವರು ಎಡಗಡೆಯ ಹೊಲಿಗೆ ನೋಡಿ, ಕೆಲಸ ಚೆನ್ನಾಗಿದೆ, ಇನ್ನೊಂದನ್ನು ಇಷ್ಟು ವರ್ಷ ಯಾಕೆ ಬಿಟ್ಟಿರಿ ಎಂದರು. ಉತ್ತರ ನನ್ನ ಹತ್ತಿರ ಇತ್ತು, ಆದರೆ ಹಿಂದೆ ಪಾಳಿ ದೊಡ್ಡದಿತ್ತು.

ಭಾರ ಇಳಿಯಿತು. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ, ಬಲಕ್ಕೆ ವಾಲಿದ್ದು ವಾಲಿದ ಹಾಗೇ ಉಳಿಯಿತು. ಬಹಳ ದಿನ ಬಿಟ್ಟಿರಿ ಎಂದರು. ಇವತ್ತಿಗೂ ಥಂಡಿ ದಿನಗಳಲ್ಲಿ ಸೊಂಟ ಕೇಳುತ್ತದೆ. ಎಲ್ಲ ವಾಸಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಆ ಸುಗ್ಗಿಗೂ ಮಾಮಾ ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ಕಟ್ಟೆಯ ಮೇಲೆ ಕೂತು ಶಲ್ಯದ ಗಂಟು ಬಿಚ್ಚಿ, ಜೋಳವನ್ನು ಮೊರಕ್ಕೆ ಸುರಿದು, ಎಂದಿನ ಹಾಗೆ ಗೋಡೆಯ ಕಡೆ ನೋಡಿದ. ನನಗೆ ಹೇಳಬೇಕಿತ್ತು. ಸವಿತಾಳಿಗೆ ಹೇಳಿದ ಬಾಯಿ ಮಾಮಾನೆದುರು ಏಳಲಿಲ್ಲ. ಅವನ ಪಕ್ಕದಲ್ಲಿ ಕೂತೆ. ಖಾಲಿ ಶಲ್ಯವನ್ನು ಎಳೆದು ಅವನ ಕೈಮೇಲೆ ಹೊದಿಸಿ, ಒಳಗೆ ಕೈ ಹಾಕಿ ಅವನ ಎರಡು ಬೆರಳು ಹಿಡಿದೆ.

ಮಾಮಾ ಗೋಡೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದ. “ಜೋಡಿ?”

“ಹೂಂ ಮಾಮಾ. ಜೋಡಿ ಆಯ್ತು. ಹೈದರಾಬಾದಿನಾಗ.”

ಅವನ ಕಣ್ಣು ತುಂಬಿದ್ದವು. ಆದರೆ ದಲಾಲ ದಲಾಲನೇ. ಶಲ್ಯದೊಳಗೆ ಐದೂ ಬೆರಳು ಬಿಚ್ಚಿ ನನ್ನ ಮುಂದೆ ಹಿಡಿದು ಕೇಳಿದ, “ಎಷ್ಟಕ್ಕ ಬಿತ್ತು?”

ಐದು ರೂಪಾಯಿ ಎನ್ನಲೇ? ನನಗಾಗಿ ಹನ್ನೊಂದು ವರ್ಷ ಖಾಲಿ ಬಿದ್ದ ಅವನ ಕೊಟ್ಟಿಗೆ ಕಣ್ಣಮುಂದೆ ಬಂತು. ಗಟ್ಟಿಯಾಗಿ ಕೇಳಬೇಕು, ಗಟ್ಟಿಯಾಗಿ ಹೇಳಬೇಕು ಎಂದು ಹೈದರಾಬಾದಿನಿಂದ ಕಲಿತು ಬಂದ ನಾನು, ಶಲ್ಯದ ಕೆಳಗೆ ಮಾಮಾನ ನಾಲ್ಕು ಬೆರಳು ಹಿಡಿದೆ.

“ನಾಕ?” ಮಾಮಾ ಉಸಿರು ಬಿಟ್ಟ. ಹೆಗಲು ಇಳಿಯಿತು. “ಅಂದ್ರ ನಮಗ ಮೋಸ ಆಗಿಲ್ಲ ತಗೊ. ಅವತ್ತಿನ ಭಾವ ಬರೋಬರಿನೇ ಇತ್ತು.”

“ಬರೋಬರಿನೇ ಇತ್ತು ಮಾಮಾ. ಕುಂಡ್ರು, ಉಂಡ ಹೋಗು.”

ಅವತ್ತು ಆ ಜೋಳಕ್ಕೆ ನಾನು ಚೀಲ ಹೊಲಿಯಲಿಲ್ಲ. ಬೀಸಿ ರೊಟ್ಟಿ ಬಡಿದೆ. ಮಾಮಾ ಮೂರು ರೊಟ್ಟಿ ತಿಂದ.